ಗಾಡಿ ಬದಲಿಸಿದರೆ ದಾರಿಯೂ ಬದಲಾಗಬೇಕು

ಪ್ರಶ್ನೆ: ನಾನು ಈಚೆಗೆ ಗೇಮ್ ವಿಮರ್ಶೆ ಬರೆಯಲು ಶುರು ಮಾಡಿದ್ದೇನೆ. ಬೈಕಿನಿಂದ ಹಿಡಿದು ದೊಡ್ಡ ಲಾರಿವರೆಗೆ ಏಳೆಂಟು ಬಗೆಯ ಗಾಡಿಗಳಿರುವ, ರಸ್ತೆ ಬಿಟ್ಟು ಮಣ್ಣು ಕೆಸರಿನಲ್ಲಿ ಓಡುವ ಒಂದು ಆಫ್‌ರೋಡ್ ರೇಸಿಂಗ್ ಗೇಮ್ ಬಗ್ಗೆ ಈಗ ಬರೆಯಬೇಕು. ಎಲ್ಲಾ ಗಾಡಿಗಳನ್ನೂ ಓಡಿಸಿ ನೋಡಿದೆ. ಆದರೂ 'ಗ್ರಾಫಿಕ್ಸ್ ಚೆನ್ನಾಗಿದೆ, ಗಾಡಿಗಳು ತುಂಬಾ ಇವೆ, ಕಂಟ್ರೋಲ್ ಸ್ವಲ್ಪ ಜಾರುತ್ತೆ' ಅನ್ನೋದನ್ನು ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ. ಗಾಡಿ ಗಾಡಿಗೂ ನಿಜವಾಗಿ ವ್ಯತ್ಯಾಸ ಇದೆಯೋ, ಇಲ್ಲ ಮೇಲಿನ ಬಾಡಿ ಮಾತ್ರ ಬೇರೆಯೋ, ಪತ್ತೆ ಹಚ್ಚುವುದು ಹೇಗೆ? ಸಿಮ್ಯುಲೇಟರ್ (ನಿಜದ ಗಾಡಿಯನ್ನೇ ಅನುಕರಿಸುವ ಗೇಮ್) ಅಲ್ಲದ, ಮಜಾಕ್ಕೆಂದೇ ಮಾಡಿದ ಗೇಮಿನಲ್ಲಿ ಇಷ್ಟೆಲ್ಲ ಕೆದಕುವುದು ಸರಿಯೇ?

ಉತ್ತರ: ಖಂಡಿತ ಕೆದಕಬೇಕು. ಗೇಮ್ ಮಜಾ ಕೊಡುತ್ತದೆ ಎಂದು ಆಡಿದ ಯಾರು ಬೇಕಾದರೂ ಹೇಳುತ್ತಾರೆ. ಆ ಮಜಾ ಎಲ್ಲಿಂದ ಬರುತ್ತಿದೆ ಎಂದು ಹೇಳುವುದು ವಿಮರ್ಶಕರ ಕೆಲಸ, ಅಲ್ವಾ? ಬಹುಬಗೆಯ ಗಾಡಿಗಳಿರುವ ಆಫ್‌ರೋಡ್ ಗೇಮಿನ ಮಟ್ಟಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಾನು ಗಾಡಿ ಬದಲಿಸಿದಾಗ ಅದೇ ಟ್ರ್ಯಾಕ್ ನನಗೆ ಬೇರೆಯಾಗಿ ಕಾಣುತ್ತದೆಯೇ? ಬೈಕಿನಲ್ಲಿ ಹೋದ ದಾರಿಯಲ್ಲೇ ಲಾರಿಯನ್ನೂ ಓಡಿಸಿ ಗೆಲ್ಲಬಹುದು ಎಂದಾದರೆ, ಆ ಗೇಮಿನಲ್ಲಿ ಏಳು ಬಗೆ ಇದ್ದರೂ ಅಷ್ಟೇ, ಎಪ್ಪತ್ತು ಬಗೆ ಇದ್ದರೂ ಅಷ್ಟೇ.

ಎಷ್ಟು ಗಾಡಿ ಇವೆ ಎಂಬ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ. 1990ರ ದಶಕದ ನಡುವೆ, ದುಡ್ಡು ಹಾಕಿ ಗೇಮ್ ಆಡುವ ಆರ್ಕೇಡ್‌ಗಳಿಗೆ ಬಂದ ಸೆಗಾ ರ‍್ಯಾಲಿ ಚಾಂಪಿಯನ್‌ಶಿಪ್ ನೋಡಿ. ಆರಿಸಿಕೊಳ್ಳಲು ಇದ್ದದ್ದು ಎರಡೇ ಕಾರು, ಟೊಯೋಟಾ ಸೆಲಿಕಾ ಮತ್ತು ಲಾನ್ಸಿಯಾ ಡೆಲ್ಟಾ. ಆದರೆ ಡಾಂಬರಿನಿಂದ ಮಣ್ಣಿಗೆ ಇಳಿದ ಕೂಡಲೇ ಹಿಡಿತ ಬದಲಾಗುತ್ತಿತ್ತು. ತಿರುವು ಬರುವ ಮೊದಲೇ ಕಾರಿನ ಹಿಂಭಾಗವನ್ನು ಜಾರಿಸಲು ಶುರು ಮಾಡಬೇಕಿತ್ತು. ಮನೆಯ ಕನ್ಸೋಲಿಗೆ, ಅಂದರೆ ಸೆಗಾ ಸ್ಯಾಟರ್ನ್‌ಗೆ ಬಂದಾಗ ಲಾನ್ಸಿಯಾ ಸ್ಟ್ರಾಟೋಸ್ ಎಂಬ ಮೂರನೇ ಕಾರೊಂದು ಬಚ್ಚಿಟ್ಟ ಉಡುಗೊರೆಯಾಗಿ ಬಂತು. ಮೊದಲಿನ ಎರಡಕ್ಕೂ ನಾಲ್ಕು ಚಕ್ರಕ್ಕೂ ಎಂಜಿನ್ ಬಲ. ಇದಕ್ಕೆ ಹಿಂದಿನ ಎರಡಕ್ಕೆ ಮಾತ್ರ. ಹೀಗಾಗಿ ಇದನ್ನು ಓಡಿಸುವ ಕೈಯೇ ಬೇರೆ.

ಇದಕ್ಕೆ ಎದುರು ತುದಿಯಲ್ಲಿ 2009ರ ಫ್ಯುಯೆಲ್ ಇದೆ. ಅಸೋಬೋ ಸ್ಟುಡಿಯೋ ಮಾಡಿದ ಗೇಮ್. ಆಡಬಹುದಾದ ಜಾಗವೇ 14,400 ಚದರ ಕಿಲೋಮೀಟರ್. ಕನ್ಸೋಲ್ ಗೇಮುಗಳಲ್ಲೇ ಅತಿ ದೊಡ್ಡದೆಂದು ಗಿನ್ನೆಸ್ ದಾಖಲೆಗೂ ಸೇರಿತು. ಬೈಕು, ಕ್ವಾಡ್ (ನಾಲ್ಕು ಚಕ್ರದ ಬೈಕ್), ಬಗ್ಗಿ (ಮೈ ತೆರೆದ ಹಗುರ ಕಾರು), ಲಾರಿ, ನೆಲದ ಮೇಲೂ ನೀರಿನ ಮೇಲೂ ತೇಲುವ ಹೋವರ್‌ಕ್ರಾಫ್ಟ್ ಕೂಡ ಇದ್ದವು. ಆ ಬಯಲಿನಲ್ಲಿ ಸುಮ್ನೆ ಸುತ್ತುವುದು ನನಗೆ ಇವತ್ತಿಗೂ ಇಷ್ಟ. ಆದರೆ ಮಣ್ಣು ಚಕ್ರಕ್ಕೆ ತಾಗಿದ್ದು ಕೈಗೆ ತಿಳಿಯುತ್ತಲೇ ಇರಲಿಲ್ಲ. ಜಾಗಕ್ಕೆ ಹಾಕಿದಷ್ಟು ಶ್ರಮ ಗಾಡಿಗೆ ಬಿದ್ದಿರಲಿಲ್ಲ. ಅಷ್ಟು ದೊಡ್ಡ ಭೂಮಿಯನ್ನು ಕಟ್ಟಿದ ಅದೇ ಸ್ಟುಡಿಯೋ ಮುಂದೆ 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮಾಡಿತು ಎಂಬುದು ನನಗೆ ತುಂಬಾ ಹೊಂದಿಕೆಯಾಗಿ ಕಾಣುತ್ತದೆ.

ನಿಮಗೆ ಒಂದು ಒರೆಗಲ್ಲು ಬೇಕಿದ್ದರೆ ಮೋಟರ್‌ಸ್ಟಾರ್ಮ್ ಆಡಿ, ಇಲ್ಲವೇ ಯಾರಾದರೂ ಆಡಿದ ವಿಡಿಯೋವನ್ನಾದರೂ ಗಮನವಿಟ್ಟು ನೋಡಿ. ಇಂಗ್ಲೆಂಡಿನ ಎವಲ್ಯೂಷನ್ ಸ್ಟುಡಿಯೋಸ್ ಪ್ಲೇಸ್ಟೇಷನ್ 3ಕ್ಕೆ ಮಾಡಿದ ಗೇಮ್ ಅದು. ಜಪಾನಿನಲ್ಲಿ 2006ರ ಕೊನೆಗೆ, ಬೇರೆ ಕಡೆ 2007ರಲ್ಲಿ ಬಂತು. ಏಳು ಬಗೆಯ ಗಾಡಿ: ಬೈಕ್, ಎಟಿವಿ (ಕ್ವಾಡ್), ಬಗ್ಗಿ, ರ‍್ಯಾಲಿ ಕಾರು, ರೇಸಿಂಗ್ ಟ್ರಕ್, ಕೆಸರಿಗೆಂದೇ ಮಾಡಿದ ಮಡ್‌ಪ್ಲಗರ್, ಬಿಗ್ ರಿಗ್ ಎಂಬ ದೈತ್ಯ ಲಾರಿ. ಎಲ್ಲವೂ ಒಂದೇ ರೇಸಿನಲ್ಲಿ ಒಟ್ಟಿಗೆ ಓಡುತ್ತವೆ. ಟ್ರ್ಯಾಕುಗಳು ಎಂಟೇ. ಆದರೆ ಪ್ರತಿ ಟ್ರ್ಯಾಕಿನ ಹೊಟ್ಟೆಯಲ್ಲೂ ಹಲವು ದಾರಿಗಳಿವೆ.

ಅಲ್ಲಿ ಒಂದು ಸುತ್ತು ಹೇಗಿರುತ್ತದೆ ನೋಡಿ. ದಾರಿ ಕವಲೊಡೆಯುತ್ತದೆ. ಕೆಳಗೆ ಕೆಸರಿನ ಹೊಂಡ, ಮೇಲೆ ಬಂಡೆಯ ಅಂಚಿನಲ್ಲಿ ಕಿರಿದಾದ ಹಾದಿ. ಬೈಕಿನವನು ಕೆಸರಿಗೆ ಇಳಿದರೆ ವೇಗ ಸತ್ತುಹೋಗುತ್ತದೆ. ಹಿಂದಿನಿಂದ ಬರುವ ಲಾರಿ ಅವನ ಮೇಲೆಯೇ ಹತ್ತಿ ಹೋಗುತ್ತದೆ. ಅದಕ್ಕೇ ಅವನು ಮೇಲಿನ ಅಂಚಿಗೆ ಹೋಗುತ್ತಾನೆ. ಅಲ್ಲಿ ಒಂದು ಚೂರು ತಪ್ಪಿದರೂ ಕಣಿವೆಗೆ ಬೀಳುತ್ತಾನೆ. ಲಾರಿಯವನಿಗೆ ಆ ಅಂಚಿನಲ್ಲಿ ಜಾಗವೇ ಸಾಲದು. ಅವನು ಕೆಸರನ್ನು ಸೀಳಿಕೊಂಡು, ಅಡ್ಡ ಇದ್ದದ್ದನ್ನು ಪುಡಿ ಮಾಡಿಕೊಂಡು ಸಾಗುತ್ತಾನೆ. ಮೊದಲ ಸುತ್ತಿನಲ್ಲಿ ನುಣುಪಾಗಿದ್ದ ಕೆಸರು ಮೂರನೇ ಸುತ್ತಿಗೆ ಗಾಲಿ ಜಾಡುಗಳಿಂದ ತುಂಬಿರುತ್ತದೆ. ಆ ಜಾಡು ಬಗ್ಗಿಯ ಸ್ಟೇರಿಂಗನ್ನು ಎಳೆಯುತ್ತದೆ. ಇಲ್ಲಿ ಗಾಡಿ ಆರಿಸಿಕೊಳ್ಳುವುದು ಅಂದರೆ ದಾರಿ ಆರಿಸಿಕೊಳ್ಳುವುದು, ಎಂಥ ಅಪಾಯ ತಡೆದುಕೊಳ್ಳಬಲ್ಲೆ ಎಂದು ಆರಿಸಿಕೊಳ್ಳುವುದು.

2008ರಲ್ಲಿ ಬಂದ ಮುಂದಿನ ಭಾಗವಾದ ಪೆಸಿಫಿಕ್ ರಿಫ್ಟ್‌ನಲ್ಲಿ ಇದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಟ್ರ್ಯಾಕುಗಳು 16 ಆದವು, ಮಾನ್‌ಸ್ಟರ್ ಟ್ರಕ್ ಸೇರಿತು. ಬೂಸ್ಟ್ (ಸ್ವಲ್ಪ ಹೊತ್ತು ಹೆಚ್ಚು ವೇಗ ಕೊಡುವ ಗುಂಡಿ) ಒತ್ತಿ ಹಿಡಿದರೆ ಎಂಜಿನ್ ಬಿಸಿಯಾಗಿ ಕೊನೆಗೆ ಸಿಡಿಯುವುದು ಮೊದಲ ಗೇಮಿನಲ್ಲೇ ಇತ್ತು. ಇದರಲ್ಲಿ ನೀರಿಗೆ ಇಳಿದರೆ ಎಂಜಿನ್ ಬೇಗ ತಣಿಯುತ್ತದೆ, ಲಾವಾದ ಪಕ್ಕ ಹೋದರೆ ಬೇಗ ಕಾಯುತ್ತದೆ. ಹಾಗಾಗಿ ಹೊಳೆ ಕಂಡಾಗ ಎರಡು ಲೆಕ್ಕ ಹಾಕಬೇಕು. ನೀರು ವೇಗ ಕಸಿಯುತ್ತದೆ, ಆದರೆ ದಡ ಹತ್ತಿದ ಮೇಲೆ ಇನ್ನೊಂದಿಷ್ಟು ಬೂಸ್ಟ್ ಕೊಡುತ್ತದೆ. ಲಾರಿಗೆ ಈ ವ್ಯಾಪಾರ ಲಾಭ. ಬೈಕಿಗೆ ಸಾಮಾನ್ಯವಾಗಿ ನಷ್ಟ. ಒಂದೇ ನಿಯಮ, ಗಾಡಿಗೆ ತಕ್ಕಂತೆ ಬೇರೆ ಉತ್ತರ. ಒಳ್ಳೆಯ ವಿನ್ಯಾಸ ಅಂದರೆ ಇದು.

ಈಗ ನಿಮ್ಮ ಗೇಮಿಗೆ ಬರೋಣ. ಎಲ್ಲಾ ಗಾಡಿಗಳನ್ನು ಎಲ್ಲಾ ಟ್ರ್ಯಾಕಿನಲ್ಲೂ ಓಡಿಸಿದರೆ ತಲೆಯಲ್ಲಿ ಎಲ್ಲ ಕಲಸಿಹೋಗುತ್ತದೆ. ಒಂದೇ ಟ್ರ್ಯಾಕ್ ಹಿಡಿಯಿರಿ. ಎದುರಾಳಿಗಳಿಲ್ಲದ ಟೈಮ್ ಟ್ರಯಲ್ ಇದ್ದರೆ ಅದರಲ್ಲೇ ಓಡಿಸಿ. ಆ ಟ್ರ್ಯಾಕಿನಲ್ಲಿ ಒಂದು ಜಿಗಿತ, ಉಬ್ಬುತಗ್ಗಿನ ಒಂದು ನೇರ ದಾರಿ, ಸಡಿಲ ಮಣ್ಣಿನ ಒಂದು ತಿರುವು ಇರಲಿ. ಮೂರು ಜಾಗ ಸಾಕು. ಬೇರೆ ಬೇರೆ ಗಾಡಿಯಲ್ಲಿ ಅವೇ ಮೂರು ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಬ್ರೇಕು, ಸ್ಟೇರಿಂಗನ್ನು ಗೇಮೇ ಸರಿಪಡಿಸುವ ಸಹಾಯಕ ಸೆಟ್ಟಿಂಗುಗಳು ಎಷ್ಟು ಆಫ್ ಆಗುತ್ತವೋ ಅಷ್ಟನ್ನೂ ಆಫ್ ಮಾಡಿ. ಇಲ್ಲದಿದ್ದರೆ ನೀವು ಗಾಡಿಯನ್ನು ಅಳೆಯುತ್ತಿರುವುದಿಲ್ಲ, ಸಹಾಯವನ್ನು ಅಳೆಯುತ್ತಿರುತ್ತೀರಿ.

ಜಿಗಿತದಿಂದ ಶುರು ಮಾಡಿ. ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್) ಸವಾರರಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಇದೆ. ಗಾಳಿಯಲ್ಲಿರುವಾಗ ಆಕ್ಸಿಲರೇಟರ್ ಕೊಟ್ಟರೆ ಬೈಕಿನ ಮೂತಿ ಮೇಲೇಳುತ್ತದೆ. ಹಿಂದಿನ ಬ್ರೇಕ್ ಒತ್ತಿದರೆ ಮೂತಿ ಕೆಳಗೆ ಬಾಗುತ್ತದೆ. ಕಾರಣ ಸರಳ. ನೆಲದ ಆಸರೆ ಇಲ್ಲದಾಗ ಚಕ್ರ ಒಂದು ಕಡೆಗೆ ಜೋರಾಗಿ ತಿರುಗಿದರೆ ಬಾಡಿ ಅದರ ಎದುರು ದಿಕ್ಕಿಗೆ ತಿರುಗಲೇಬೇಕು. ತಿರುಗುತ್ತಿರುವ ಚಕ್ರವನ್ನು ತಟ್ಟನೆ ನಿಲ್ಲಿಸಿದರೆ ಆ ತಿರುಗಾಟ ಬಾಡಿಗೆ ಬರುತ್ತದೆ. ಹಗುರವಾದ ಬೈಕಿನಲ್ಲಿ ಇದು ಜಾಸ್ತಿ. ಭಾರದ ಲಾರಿಯಲ್ಲಿ ಬಹಳ ಕಡಿಮೆ. ನಿಮ್ಮ ಗೇಮ್ ಇದನ್ನು ನಿಜದ ಹಾಗೇ ಲೆಕ್ಕ ಹಾಕಿರಬೇಕಿಲ್ಲ. ಸ್ಟಿಕ್ ಹಿಂದೆ ಎಳೆದರೆ ಮೂತಿ ಏಳುತ್ತದೆ ಎಂಬ ಸುಲಭದ ನಿಯಮವನ್ನೇ ಇಟ್ಟಿರಬಹುದು. ಪರವಾಗಿಲ್ಲ. ಆದರೆ ಲಾರಿಯೂ ಬೈಕಿನಷ್ಟೇ ಚುರುಕಾಗಿ ಗಾಳಿಯಲ್ಲಿ ಹೊರಳಿದರೆ ಪೆನ್ನು ತೆಗೆದು ಬರೆದುಕೊಳ್ಳಿ. ಆಮೇಲೆ ಇಳಿಯುವ ಗಳಿಗೆ. ಮೂತಿ ಕೆಳಗಾಗಿ ಬಿದ್ದ ಬಗ್ಗಿಗೂ, ನಾಲ್ಕೂ ಚಕ್ರ ಒಟ್ಟಿಗೆ ಊರಿದ ಬಗ್ಗಿಗೂ ಮುಂದಿನ ತಿರುವಿನಲ್ಲಿ ವ್ಯತ್ಯಾಸ ಕಾಣಬೇಕು. ಹೇಗೆ ಬಿದ್ದರೂ ಒಂದೇ ವೇಗದಲ್ಲಿ ಮುಂದೆ ಓಡಿದರೆ ಆ ಗೇಮಿನಲ್ಲಿ ಜಿಗಿತ ಬರೀ ನೋಟಕ್ಕೆ ಇಟ್ಟದ್ದು.

ಉಬ್ಬುತಗ್ಗಿನ ನೇರ ದಾರಿ ಸಸ್ಪೆನ್ಷನ್ ಪರೀಕ್ಷೆ, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗುಗಳ ಪರೀಕ್ಷೆ. ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ ಓಡುವ, ಅದಕ್ಕೆಂದೇ ಮಾಡಿದ ಟ್ರೋಫಿ ಟ್ರಕ್‌ಗಳ ಹಿಂದಿನ ಚಕ್ರ ಎರಡು ಅಡಿಗೂ ಜಾಸ್ತಿ ಮೇಲೆ ಕೆಳಗೆ ಆಡುತ್ತದೆ. ಸಾಲು ದಿಬ್ಬಗಳ ಮೇಲೆ ಅವು ನಿಧಾನಕ್ಕೆ ಹೋದರೆ ಒಂದೊಂದು ತಗ್ಗಿಗೂ ಇಳಿದು ಕುಲುಕುತ್ತವೆ. ವೇಗ ಹೆಚ್ಚಿಸಿದರೆ ದಿಬ್ಬದ ತಲೆಯಿಂದ ತಲೆಗೆ ತೇಲಿದ ಹಾಗೆ ಸಾಗುತ್ತವೆ. ಚಕ್ರಗಳು ಹುಚ್ಚೆದ್ದು ಕುಣಿಯುತ್ತಿದ್ದರೂ ಬಾಡಿ ಸಮವಾಗಿರುತ್ತದೆ. ಅದೇ ದಾರಿಯಲ್ಲಿ ರ‍್ಯಾಲಿ ಕಾರು ಅದೇ ವೇಗದಲ್ಲಿ ಹೋದರೆ ಎರಡನೆಯದೋ ಮೂರನೆಯದೋ ದಿಬ್ಬದಲ್ಲಿ ಒದ್ದಂತಾಗಿ ಅಡ್ಡ ತಿರುಗುತ್ತದೆ. ಹಾಗಾದರೆ ನಿಮ್ಮ ಪರೀಕ್ಷೆ ಇದು: ಯಾವ ಗಾಡಿಯಲ್ಲಿ ಇಲ್ಲಿ ಆಕ್ಸಿಲರೇಟರ್ ಬಿಡಬೇಕಾಯಿತು, ಯಾವುದರಲ್ಲಿ ಇನ್ನಷ್ಟು ಒತ್ತಬೇಕಾಯಿತು? ಎಲ್ಲದರಲ್ಲೂ ಪೂರ್ತಿ ಒತ್ತಿಯೇ ದಾಟಿಬಿಟ್ಟಿದ್ದರೆ ಉಬ್ಬುತಗ್ಗು ಬರೀ ಚಿತ್ರ.

ತಿರುವಿನ ವಿಷಯಕ್ಕೆ ನಿಮ್ಮದೇ ಮಾತು ತೆಗೆದುಕೊಳ್ಳುತ್ತೇನೆ. 'ಕಂಟ್ರೋಲ್ ಸ್ವಲ್ಪ ಜಾರುತ್ತೆ' ಅಂದಿರಿ. ಜಲ್ಲಿಯ ಮೇಲೆ ಜಾರುವುದು ತಪ್ಪಲ್ಲ, ಜಾರದಿದ್ದರೇ ತಪ್ಪು. ನೀವು ಓದುಗರಿಗೆ ಹೇಳಬೇಕಾದದ್ದು, ಆ ಜಾರಿಕೆ ನಿಮ್ಮ ಕೈಯಲ್ಲಿತ್ತೇ ಎಂಬುದು. ಸಡಿಲ ಮಣ್ಣಿನಲ್ಲಿ ತಿರುವಿಗೆ ಮುಂಚೆ ಬ್ರೇಕ್ ತಾಗಿಸಿದರೆ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂಭಾಗ ಹಗುರಾಗುತ್ತದೆ. ಆಗ ಸ್ವಲ್ಪ ಸ್ಟೇರಿಂಗ್ ತಿರುಗಿಸಿದರೂ ಹಿಂಭಾಗ ಹೊರಗೆ ಜಾರಿ ಮೂತಿ ತಿರುವಿನ ಒಳಗೆ ನೋಡುತ್ತದೆ. ಆಮೇಲೆ ಆಕ್ಸಿಲರೇಟರ್ ಕೊಟ್ಟು ಗಾಡಿಯನ್ನು ಹೊರಗೆ ಎಳೆಯಬೇಕು. ಈ ಸರಣಿ ನಿಮ್ಮ ಗೇಮಿನಲ್ಲಿ ನಡೆಯುತ್ತದೆಯೇ? ಬ್ರೇಕಿನ ಹೊತ್ತನ್ನು ಕೊಂಚ ಹಿಂದೆ ಮುಂದೆ ಮಾಡಿದರೆ ಜಾರಿಕೆಯೂ ಬದಲಾಗುತ್ತದೆಯೇ? ಹೌದಾದರೆ ಅದನ್ನು ಮೆಚ್ಚಿ ಬರೆಯಿರಿ. ಬ್ರೇಕ್ ಹೇಗೇ ಹಿಡಿದರೂ ಒಂದೊಂದು ಸಲ ಒಂದೊಂದು ಥರ ಜಾರಿದರೆ ಅದು ದೋಷ. ಇನ್ನು ಎತ್ತರದ ಲಾರಿಗೆ ಇದೇ ತಿರುವಿನಲ್ಲಿ ಭಯ ಬೇರೆ. ಅದು ಜಾರುವುದಕ್ಕಿಂತ ಮೊದಲು ಪಲ್ಟಿ ಹೊಡೆಯಬಹುದು. ಭಾರ ಮೇಲಿದೆ, ತಿರುವಿನ ಹೊರಗೆ ಒಂದು ಗಾಲಿ ಜಾಡು ಸಿಕ್ಕರೆ ಸಾಕು, ಚಕ್ರ ಅದಕ್ಕೆ ತಗುಲಿ ಗಾಡಿ ಮಗುಚುತ್ತದೆ. ಲಾರಿ ಓಡಿಸುವಾಗ ಈ ಅಳುಕು ನಿಮಗೆ ಒಮ್ಮೆಯೂ ಬರಲಿಲ್ಲ ಎಂದಾದರೆ, ನೀವು ಓಡಿಸಿದ್ದು ಲಾರಿಯ ಬಾಡಿ ಹೊತ್ತ ಕಾರು.

ಇನ್ನು ಸಿಮ್ಯುಲೇಟರ್ ಅಲ್ಲದ ಗೇಮಿಗೆ ಇದು ಅತಿಯಾಗದೇ ಎಂಬ ಸಂಶಯ. ನಾನು ನಿಜದ ಫಿಸಿಕ್ಸ್ ಕೇಳುತ್ತಿಲ್ಲ. ಗೇಮ್ ತಾನೇ ಹಾಕಿಕೊಂಡ ನಿಯಮಕ್ಕೆ ನಿಲ್ಲಬೇಕು ಎಂದು ಮಾತ್ರ ಕೇಳುತ್ತಿದ್ದೇನೆ. ಮೋಟರ್‌ಸ್ಟಾರ್ಮ್‌ನಲ್ಲಿ ಎಂಜಿನ್ ಸಿಡಿದು ಗಾಡಿ ಹಾರುವುದು ಯಾವ ಲೆಕ್ಕದಲ್ಲೂ ನಿಜವಲ್ಲ. ಆದರೆ ನಿಯಮ ಸ್ಪಷ್ಟ. ಸಿಡಿದಾಗ ತಪ್ಪು ನನ್ನದೇ ಎಂದು ಗೊತ್ತಾಗುತ್ತದೆ. ಆಟಗಾರರಿಗೆ ಬೇಕಾದದ್ದು ಈ ನಂಬಿಕೆ.

ಮಿಶ್ರ ಗಾಡಿಗಳ ರೇಸ್ ಬಗ್ಗೆ ಒಂದಿಷ್ಟು ಜಾಸ್ತಿಯೇ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಹೆಚ್ಚಿನ ವಿಮರ್ಶೆಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನಿಜವಾದ ಆಫ್‌ರೋಡ್ ರ‍್ಯಾಲಿಗಳಲ್ಲಿ ಬೈಕೂ ಲಾರಿಯೂ ಒಂದೇ ದಾರಿಯಲ್ಲಿ ಹೋದರೂ ಒಂದೇ ಬಹುಮಾನಕ್ಕೆ ಸೆಣಸುವುದು ಅಪರೂಪ. ಮರುಭೂಮಿಗಳಲ್ಲಿ ಹಲವು ದಿನ ನಡೆಯುವ ಡಕಾರ್ ರ‍್ಯಾಲಿಯಲ್ಲಿ ಬೈಕುಗಳಿಗೆ 450 ಸಿಸಿ ಮಿತಿ. ಲಾರಿಗಳು ಎಂಟು ಟನ್ನಿಗೂ ಮೇಲೆ ತೂಗುತ್ತವೆ, ಅವುಗಳ ವೇಗಕ್ಕೆ ಗಂಟೆಗೆ 140 ಕಿಲೋಮೀಟರ್ ಮಿತಿ ಹಾಕಿದ್ದಾರೆ. ಒಂದೊಂದು ಬಗೆಗೂ ಬೇರೆ ಬೇರೆ ಪಟ್ಟಿ, ಬೇರೆ ಬೇರೆ ವಿಜೇತರು. 1967ರಲ್ಲಿ ಬಾಹಾ ಮರುಭೂಮಿಯ ದೂರದ ರೇಸ್ ಮೊದಲ ಸಲ ನಡೆದಾಗ ಒಟ್ಟಾರೆ ಗೆದ್ದದ್ದು ಮೇಯರ್ಸ್ ಮ್ಯಾಂಕ್ಸ್ ಎಂಬ ಹಗುರ ಬಗ್ಗಿ. ಅಂಥ ನೆಲದಲ್ಲಿ ಬಲಕ್ಕಿಂತ ಹಗುರತನಕ್ಕೇ ಲಾಭ ಎಂದು ಅವತ್ತೇ ಗೊತ್ತಾಗಿತ್ತು.

ಅಂದರೆ ಬೈಕಿನಿಂದ ಲಾರಿವರೆಗೆ ಎಲ್ಲವನ್ನೂ ಒಂದೇ ಗೆಲುವಿನ ಗೆರೆಗೆ ಓಡಿಸುವ ಗೇಮ್, ನಿಜ ಜಗತ್ತು ಬಿಡಿಸದೇ ಬಿಟ್ಟ ಲೆಕ್ಕವನ್ನು ಬಿಡಿಸಲು ಹೊರಟಿದೆ. ಅದಕ್ಕೆ ಎರಡು ಉಪಾಯಗಳಿವೆ. ಒಂದು, ಮೇಲೆ ಹೇಳಿದ ಹಾಗೆ ಟ್ರ್ಯಾಕಿನಲ್ಲೇ ಒಂದೊಂದು ಗಾಡಿಗೂ ಒಂದೊಂದು ದಾರಿ ಕೊಡುವುದು. ಇದಕ್ಕೆ ಬಹಳ ಕೆಲಸ ಬೇಕು. ಇನ್ನೊಂದು ಸುಲಭದ್ದು. ಎಲ್ಲಾ ಗಾಡಿಗಳ ವೇಗವನ್ನು ಹತ್ತಿರ ಹತ್ತಿರ ತಂದುಬಿಡುವುದು, ಸಾಲದ್ದಕ್ಕೆ ಹಿಂದೆ ಬಿದ್ದ ಎದುರಾಳಿಗಳನ್ನು ಕದ್ದುಮುಚ್ಚಿ ಮುಂದೆ ತಳ್ಳುವುದು. ಗೇಮ್ ಆಡುವವರು ಇದನ್ನು ರಬ್ಬರ್ ಬ್ಯಾಂಡಿಂಗ್ ಅನ್ನುತ್ತಾರೆ. ಪತ್ತೆ ಮಾಡುವುದು ಕಷ್ಟವಲ್ಲ. ಒಂದು ರೇಸಿನಲ್ಲಿ ಒಂದೂ ತಪ್ಪು ಮಾಡದೆ ಓಡಿ, ಎರಡನೆಯವನು ಎಷ್ಟು ಹಿಂದಿದ್ದಾನೆ ನೋಡಿ. ಇನ್ನೊಂದರಲ್ಲಿ ಬೇಕೆಂದೇ ಮೊದಲ ಸುತ್ತಿನಲ್ಲಿ ಗಾಡಿ ನಿಲ್ಲಿಸಿ, ಆಮೇಲೆ ಸಾಧಾರಣವಾಗಿ ಓಡಿಸಿ. ಎರಡರಲ್ಲೂ ಕೊನೆಯ ಸುತ್ತಿಗೆ ಎಲ್ಲರೂ ನಿಮ್ಮ ಸುತ್ತಮುತ್ತಲೇ ಇದ್ದರೆ ಉತ್ತರ ಸಿಕ್ಕಿತು. ಸ್ವಲ್ಪ ಎಳೆತ ಇದ್ದರೆ ನನ್ನ ತಕರಾರಿಲ್ಲ, ಒಬ್ಬನೇ ಓಡುವ ರೇಸಿಗಿಂತ ಅದು ವಾಸಿ. ಆದರೆ ಮೊದಲ ಎರಡು ಸುತ್ತಿನಲ್ಲಿ ಆಡಿದ್ದಕ್ಕೆಲ್ಲ ಬೆಲೆಯೇ ಇಲ್ಲದಂತೆ ಮಾಡಿದರೆ, ಕಷ್ಟಪಟ್ಟು ದಾರಿ ಕಲಿತ ಆಟಗಾರರಿಗೆ ಅದು ಅನ್ಯಾಯ. ಇದನ್ನು ಮುಲಾಜಿಲ್ಲದೆ ಬರೆಯಿರಿ.

ಆನ್‌ಲೈನ್‌ನಲ್ಲಿ ಆಡುವ ಅವಕಾಶ ಇದ್ದರೆ ಅಲ್ಲಿ ಇನ್ನೊಂದು ಸಾಕ್ಷಿ ಸಿಗುತ್ತದೆ. ಜನ ಏನು ಆರಿಸಿಕೊಳ್ಳುತ್ತಿದ್ದಾರೆ ನೋಡಿ. ಕೋಣೆ ತುಂಬಾ ಒಂದೇ ಬಗೆಯ ಗಾಡಿ ಕಂಡರೆ ಉಳಿದವೆಲ್ಲ ಲೆಕ್ಕಕ್ಕಷ್ಟೇ ಇವೆ ಎಂದರ್ಥ. ಫೋರ್ಜಾ ಹೊರೈಜನ್ 5ರ ಹಾಗೆ ನೂರಾರು ಕಾರುಗಳಿರುವ, ಎಂಜಿನ್ ಟೈರುಗಳನ್ನು ಬದಲಿಸಿ ಶ್ರುತಿ ಮಾಡಿಕೊಳ್ಳಬಹುದಾದ ಗೇಮಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ರಸ್ತೆಗೆಂದೇ ಮಾಡಿದ ಕಾರಿಗೂ ಆಫ್‌ರೋಡ್ ಟೈರು ಹಾಕಿ, ನಾಲ್ಕು ಚಕ್ರದ ಡ್ರೈವ್ ಕೂರಿಸಿ ಕಾಡಿಗೆ ಇಳಿಸಬಹುದು. ಮಜಾ ಬೇಕಾದಷ್ಟಿದೆ, ಆದರೆ ಗಾಡಿಯ ಹುಟ್ಟುಗುಣ ಅಷ್ಟಷ್ಟೇ ಅಳಿಸಿಹೋಗುತ್ತದೆ.

ಕೈಗೆ ಮತ್ತು ಕಿವಿಗೆ ಸಿಗುವುದನ್ನೂ ಮರೆಯಬೇಡಿ. ಮೊದಲ ಮೋಟರ್‌ಸ್ಟಾರ್ಮ್ ಬಂದಾಗ ಪ್ಲೇಸ್ಟೇಷನ್ 3ರ ಜೊತೆ ಸಿಗುತ್ತಿದ್ದ ಸಿಕ್ಸ್‌ಆಕ್ಸಿಸ್ ಕಂಟ್ರೋಲರ್ ಕಂಪಿಸುತ್ತಲೇ ಇರಲಿಲ್ಲ. ಕಂಪಿಸುವ ಡ್ಯುಯಲ್‌ಶಾಕ್ 3 ಆಮೇಲೆ ಬಂದದ್ದು. ಹಾಗಿದ್ದೂ ಲಾರಿಯ ಭಾರ ಆಟಗಾರರಿಗೆ ತಿಳಿಯುತ್ತಿತ್ತು. ಕ್ಯಾಮೆರಾ ನಡುಗುತ್ತಿತ್ತು, ಕೆಸರು ಹಾರಿ ಅಂಟುತ್ತಿತ್ತು, ಎಂಜಿನ್ ದನಿ ದಪ್ಪಗೆ ಏದುತ್ತಿತ್ತು. ಈಗಿನ ಕಂಟ್ರೋಲರುಗಳಲ್ಲಿ ಟ್ರಿಗರ್ ಕೂಡ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ನಿಮ್ಮ ಗೇಮ್ ಅದನ್ನು ಯಾವುದಕ್ಕೆ ಬಳಸಿದೆ ನೋಡಿ. ಕಣ್ಣು ಮುಚ್ಚಿ ಹಿಡಿದರೂ ಮರಳೋ ಜಲ್ಲಿಯೋ ಗೊತ್ತಾಗುತ್ತದೆಯೇ? ಅಥವಾ ಎಲ್ಲದಕ್ಕೂ ಒಂದೇ ಗುರ್ ಎನ್ನುವ ಕಂಪನವೇ? ಕ್ಯಾಮೆರಾ ಎತ್ತರವೂ ಮುಖ್ಯ. ಬೈಕಿಗೂ ಲಾರಿಗೂ ಒಂದೇ ದೂರ, ಒಂದೇ ಎತ್ತರದ ಕ್ಯಾಮೆರಾ ಇಟ್ಟರೆ ವೇಗದ ಅನುಭವ ಎರಡರಲ್ಲೂ ಒಂದೇ ಆಗಿಬಿಡುತ್ತದೆ.

ಗ್ರಾಫಿಕ್ಸ್ ಬಗ್ಗೆ ಒಂದು ಪ್ಯಾರಾ ಸಾಕು. ಧೂಳು ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ ಮುಂದಿನ ಗಾಡಿಯ ಧೂಳಿನಲ್ಲಿ ದಾರಿ ಕಾಣುತ್ತದೆಯೋ ಇಲ್ಲವೋ ಹೇಳಿ. ಫ್ರೇಮ್‌ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ಎಲ್ಲಿ ಕುಸಿಯುತ್ತದೆ ಎಂಬುದನ್ನು ಖಂಡಿತ ಬರೆಯಿರಿ, ಏಕೆಂದರೆ ಅದು ಬೈಕ್ ಓಡಿಸುವವರಿಗೆ ಎಲ್ಲರಿಗಿಂತ ಮೊದಲು ತಾಗುತ್ತದೆ. ಯಾವ ಮಷೀನಿನಲ್ಲಿ, ಯಾವ ಕಂಟ್ರೋಲರಿನಲ್ಲಿ, ಯಾವ ಅಪ್‌ಡೇಟ್ ಹಾಕಿಕೊಂಡು ಆಡಿದಿರಿ ಎಂಬುದು ಮೊದಲಲ್ಲೇ ಬರಲಿ. ಒಂದೇ ಮನೆಯಲ್ಲಿ ಇಬ್ಬರು ಕೂತು ಆಡಬಹುದೇ ಎಂಬುದನ್ನೂ ಬಿಡಬೇಡಿ. ಮೊದಲ ಮೋಟರ್‌ಸ್ಟಾರ್ಮ್‌ನಲ್ಲಿ ಅದು ಇರಲಿಲ್ಲ. ಪೆಸಿಫಿಕ್ ರಿಫ್ಟ್‌ನಲ್ಲಿ ನಾಲ್ಕು ಜನರವರೆಗೆ ಪರದೆ ಹಂಚಿಕೊಂಡು ಆಡಬಹುದಿತ್ತು. ಅನೇಕರಿಗೆ ಗೇಮ್ ಕೊಳ್ಳಲು ಅದೊಂದೇ ಕಾರಣ ಸಾಕು.

ಕರಿಯರ್ (ಒಂದಾದ ಮೇಲೊಂದು ರೇಸ್ ಓಡಿ ಮುಂದೆ ಸಾಗುವ ಭಾಗ) ಹೇಗೆ ಕಟ್ಟಿದ್ದಾರೆ ಎಂಬುದು ಮಾತ್ರ ಗಾಡಿಯ ಪ್ರಶ್ನೆಗೆ ನೇರವಾಗಿ ಸೇರಿದ್ದು. ಕೆಲವು ಗೇಮುಗಳು ಈ ರೇಸಿಗೆ ಈ ಗಾಡಿಯೇ ಎಂದು ಕಟ್ಟಿಹಾಕುತ್ತವೆ. ಕೆಲವು ಪೂರ್ತಿ ಬಿಟ್ಟುಬಿಡುತ್ತವೆ. ಕಟ್ಟಿಹಾಕಿದರೆ ಎಲ್ಲಾ ಗಾಡಿಗಳ ಪರಿಚಯ ಆಗುತ್ತದೆ, ಆದರೆ ಇದು ಬೈಕಿನ ದಾರಿಯೋ ಲಾರಿಯ ದಾರಿಯೋ ಎಂದು ತಾನೇ ಯೋಚಿಸುವ ಸುಖ ತಪ್ಪುತ್ತದೆ. ಪೂರ್ತಿ ಬಿಟ್ಟರೆ ಹೆಚ್ಚಿನವರು ಒಂದೇ ಗಾಡಿಗೆ ಅಂಟಿಕೊಳ್ಳುತ್ತಾರೆ. ಮೊದಲು ಪರಿಚಯ ಮಾಡಿಸಿ ಆಮೇಲೆ ಬಿಟ್ಟುಬಿಡುವ ಗೇಮ್ ನನಗೆ ಇಷ್ಟ.

ಇನ್ನು ಬರೆಯುವ ರೀತಿ. ನಿಮ್ಮ ಮೂರು ಮಾತುಗಳಲ್ಲಿ 'ಗಾಡಿಗಳು ತುಂಬಾ ಇವೆ' ಎಂಬುದನ್ನು ತೆಗೆದು, ಈ ಥರ ಬರೆದು ನೋಡಿ: 'ಕಣಿವೆಯ ಟ್ರ್ಯಾಕಿನಲ್ಲಿ ಬೈಕಿಗೆ ಎಡಗಡೆಯ ಅಂಚು, ಲಾರಿಗೆ ಕೆಳಗಿನ ಕೆಸರು. ಬಗ್ಗಿ ಎರಡರಲ್ಲೂ ಹೋಗುತ್ತದೆ, ಎರಡರಲ್ಲೂ ಸ್ವಲ್ಪ ಸೋಲುತ್ತದೆ. ರ‍್ಯಾಲಿ ಕಾರಿಗೂ ರೇಸಿಂಗ್ ಟ್ರಕ್ಕಿಗೂ ಮಾತ್ರ ನನಗೆ ವ್ಯತ್ಯಾಸ ಸಿಗಲಿಲ್ಲ.' ಮೂರೇ ವಾಕ್ಯ. ಓದಿದವರಿಗೆ ಗೇಮ್ ಹೇಗಿದೆ ಎಂದು ಗೊತ್ತಾಗುತ್ತದೆ, ಯಾವ ಗಾಡಿ ತಮಗೆ ಹಿಡಿಸೀತು ಎಂಬುದೂ ತಿಳಿಯುತ್ತದೆ. ಏಳರಲ್ಲಿ ಎರಡು ಒಂದೇ ಥರ ಇದ್ದರೆ ಅದನ್ನು ದೊಡ್ಡ ದೋಷ ಮಾಡಬೇಡಿ. ಐದು ಬೇರೆ ಬೇರೆ ಇರುವುದೇ ದೊಡ್ಡ ಕೆಲಸ. ಎಲ್ಲವೂ ಒಂದೇ ಥರ ಇದ್ದರೆ ಮೊದಲ ಪ್ಯಾರಾದಲ್ಲೇ ಹೇಳಿಬಿಡಿ, ಕೊನೆಗೆ ಬಚ್ಚಿಡಬೇಡಿ.

ಯಾವ ಗಾಡಿಯಿಂದ ಶುರು ಮಾಡಲಿ ಎಂದು ಕೇಳಿದರೆ ಲಾರಿ ಅನ್ನುತ್ತೇನೆ. ಬೈಕನ್ನು ಚುರುಕಾಗಿ ಮಾಡುವುದು ಹೆಚ್ಚಿನ ತಂಡಗಳಿಗೆ ಬರುತ್ತದೆ. ಭಾರವನ್ನು ಭಾರ ಅನ್ನಿಸುವಂತೆ ಮಾಡಿ, ಆದರೂ ಓಡಿಸಲು ಖುಷಿ ಕೊಡುವುದು ಕೆಲವರಿಗೆ ಮಾತ್ರ ಸಾಧ್ಯ. ಅದು ಸರಿಯಾಗಿದ್ದರೆ ಉಳಿದ ಗಾಡಿಗಳ ಮೇಲೂ ಅವರು ಶ್ರಮ ಹಾಕಿರುತ್ತಾರೆ. ಲಾರಿ, ಆಮೇಲೆ ಬೈಕ್, ಆಮೇಲೆ ನಡುವಿನವು. ಅದೇ ಟ್ರ್ಯಾಕ್, ಅವೇ ಮೂರು ಜಾಗ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.